ಒಳಗಿನ ಚಿಲಕ

"ಕೇಳ್ರಪ್ಪೋ ಕೇಳಿ! ಈ ಪಟ್ಟಣದ ಮನೆಗಳೆಲ್ಲ ಅರಮನೆಯವು. ಬಾಡಿಗೆಗಿರುವವರು ಒಳಗಡೆ ಚಿಲಕ ಬೇಕೆನ್ನುತ್ತಿದ್ದಾರೆ. ದೊರೆಗಳ ಮೂರು ಒಗಟು ಬಿಡಿಸಿದರೆ ಚಿಲಕ ಸಿಗುತ್ತದೆ. ಒಂದು ತಪ್ಪಿದರೂ ತಲೆ ಹೋಗುತ್ತದೆ."

ಡಂಗುರ ಕೇಳಿ, ಮೊರ ಹೆಣೆಯುತ್ತಿದ್ದ ಜಂಬಣ್ಣನ ಕೈ ನಿಂತಿತು. ಎಂಥಾ ಊರಪ್ಪ ಅದು! ಚಿಲಕವಿದ್ದದ್ದು ಸೆರೆಮನೆಯೊಂದಕ್ಕೇ, ಅದೂ ಹೊರಗಡೆ. ಗೋಡೆ ನೋಡುವ ನೆಪದಲ್ಲಿ ದೊರೆ ಹೊತ್ತುಗೊತ್ತಿಲ್ಲದೆ ಯಾರ ಮನೆಗಾದರೂ ನುಗ್ಗುವನು. ಜಂಬಣ್ಣನ ಅಕ್ಕ ಗಿರಿಯವ್ವ ಹಸಿ ಬಾಣಂತಿ. ಹೆಜ್ಜೆ ಸಪ್ಪಳವಾದರೆ ಸಾಕು, ಮಗುವಿನ ಬಾಯಿಂದ ಮೊಲೆ ಬಿಡಿಸಿ ಸೆರಗು ಎಳೆದುಕೊಳ್ಳುವಳು. ಅರೆಹೊಟ್ಟೆಯ ಕೂಸು ಸೊರಗಿ ಕಡ್ಡಿಯಾಗಿತ್ತು.

"ಇಲ್ಲಿ ಉಸಿರು ಕಟ್ಟುತ್ತೆ ಕಣೋ," ಎಂದಳು ಅವಳು. ಜಂಬಣ್ಣ ಎದ್ದು ಹೊರಟ.

ಆಸ್ಥಾನದಲ್ಲಿ ದೊರೆ ಕೇಳುತ್ತಿದ್ದ: "ನಿಂತಲ್ಲೇ ನಿಂತು ಮನೆಯವರ ಮಾನ ಕಾಯುತ್ತದೆ. ಏನದು?"

"ದೇವರು," ಅಂದ ಪಂಡಿತ. ಮರುದಿನ ತಲೆ ಕಡಿಯಲೆಂದು ಅವನನ್ನು ಸೆರೆಗೆ ತಳ್ಳಿದರು. "ಬಾಗಿಲು," ಅಂದು ಜವಳಿ ಸಾಹುಕಾರ ಗೆದ್ದ.

ದೊರೆ ಎರಡನೆಯದು ಕೇಳಿದ: "ಕೊಟ್ಟ ಮೇಲೂ ಕೊಟ್ಟವನದೇ. ಆದರೆ ಅದರೊಳಗಿನ ಬದುಕು ಪಡೆದವನದು."

"ಎರವಲು ಸೀರೆ," ಅಂದ ಸಾಹುಕಾರ. ಪಾಪ, ಅವನ ತಲೆ ತುಂಬ ಬರೀ ಸೀರೆಗಳೇ. ಅವನೂ ಸೆರೆಗೆ ಹೋದ.

"ಬಾಡಿಗೆ ಮನೆ," ಅಂದ ಜಂಬಣ್ಣ.

ದೊರೆ ಹುಬ್ಬೇರಿಸಿದ. "ಬೀಗವಿಲ್ಲ, ಕಾವಲಿಲ್ಲ. ಆದರೂ ನನ್ನನ್ನು ಹೊಸ್ತಿಲಾಚೆ ನಿಲ್ಲಿಸುವುದು ಯಾವುದು?" ಕೇಳಿ ನಕ್ಕ. ಅಂಥದ್ದೊಂದು ಇಲ್ಲವೆಂದೇ ಅವನ ನಂಬಿಕೆ.

ಹಿಂದೆ ಕತ್ತಿ ಹಿಡಿದವನು ನಿಂತಿದ್ದ, ಬಾಗಿಲು ಮುಚ್ಚಿತ್ತು. ಭಯಕ್ಕೆ ಜಂಬಣ್ಣನ ಗಂಟಲು ಒಣಗಿ ಕೆಮ್ಮು ಬಂತು. ಕೆಮ್ಮಿದವನೇ ತಲೆ ಎತ್ತಿದ.

"ಕೆಮ್ಮು, ಬುದ್ಧಿ. ರಾಜಮಾತೆಗೆ ಮೊರ ಕೊಡೋಕೆ ಹೋದಾಗ ನೋಡಿದೀನಿ. ತಾವು ಹೊಸ್ತಿಲಾಚೆ ಕೆಮ್ಮಿ ನಿಂತಿರಿ. ಅವರು 'ಬಾ' ಅನ್ನೋವರೆಗೂ ಒಳಗೆ ಬರಲಿಲ್ಲ. ಬಾಗಿಲು ಇರೋದು ಮಾನಕ್ಕೆ. ಮನೆ ತಮ್ಮದೇ, ಒಳಗಿನ ಬದುಕು ನಮ್ಮದು. ಅಮ್ಮನಿಗೆ ಕೆಮ್ಮೋ ಹಾಗೆ ನಮ್ಮಕ್ಕನಿಗೂ ಒಂಚೂರು ಕೆಮ್ಮಿ."

ದೊರೆ ತಾಯಿಯತ್ತ ತಿರುಗಿದ. ಪಕ್ಕದಲ್ಲಿದ್ದ ರಾಜಮಾತೆ, "ಹುಡುಗ ಹೇಳಿದ್ದು ನಿಜ ಕಣಪ್ಪ," ಎಂದಳು.

ಸೆರೆಯವರು ಹೊರಬಂದರು. ಮನೆಮನೆಗೂ ಚಿಲಕ ಬಂತು. ಮೊದಲನೆಯದು ಬಹುಮಾನವಾಗಿ ಜಂಬಣ್ಣನಿಗೆ, ಬೆಳ್ಳಿಯದು. "ಕಬ್ಬಿಣದ್ದೇ ಗಟ್ಟಿ," ಎಂದು ಅವನು ಬದಲಾಯಿಸಿಕೊಂಡ.

ಎಂಟು ದಿನ ಕಳೆದು, ಮಟಮಟ ಮಧ್ಯಾಹ್ನ ದೊರೆ ಗೋಡೆ ನೋಡಲು ಬಂದ. ಬಾಗಿಲಾಚೆ ಕೆಮ್ಮಿದ.

"ಮಗು ಹಾಲು ಕುಡೀತಿದೆ, ನಿಲ್ಲಿ," ಎಂದಳು ಒಳಗಿನಿಂದ ಗಿರಿಯವ್ವ.

ಕೂಸು ಹೊಟ್ಟೆ ತುಂಬ ಕುಡಿದು ನಿದ್ದೆ ಹೋಗುವವರೆಗೂ ದೊರೆ ಬಿಸಿಲಲ್ಲಿ ನಿಂತೇ ಇದ್ದ.