ಪೈಲ್ವಾನ ಕೊಂಡ ಹೆಗಲು

"ಗುರುಗಳೇ, ನನ್ನ ಷೇರು ನಾನು ಮಾರೋಕೆ ಉಳಿದವರ ಅಪ್ಪಣೆ ಯಾಕೆ ಬೇಕು?"

ಕೇಳಿದವನು ಶಿಷ್ಯ ಪಂಪಣ್ಣ. ನಾಲ್ಕು ಮನೆಯವರು ಸೇರಿ ನಡೆಸೋ ಹಪ್ಪಳದ ಪ್ರೈವೇಟ್ ಕಂಪನಿಯಲ್ಲಿ ಅವನದೂ ಪಾಲಿತ್ತು. ಷೇರು ಮಾರೋದಾದ್ರೆ ಮೊದಲು ಒಳಗಿನವರಿಗೆ ಹೇಳ್ಬೇಕು. ಅವರು ಬೇಡ ಅಂದ್ರೆ ಹೊರಗಿನವರಿಗೆ, ಅದೂ ಎಲ್ಲರೂ ಒಪ್ಪಿದ್ರೆ. ಹಾಗಂತ ಕಂಪನಿ ನಿಯಮ. ಹೊರಗಿನವನೊಬ್ಬ ಎರಡುಪಟ್ಟು ಬೆಲೆ ಹೇಳಿದ್ದ. ಮಾರನೇ ದಿನವೇ ಸಹಿ.

ಗುರುಗಳು ಒಂದು ಚಿಟಿಕೆ ನಶ್ಯ ಏರಿಸಿ ಕತೆ ಶುರು ಮಾಡಿದ್ರು.

"ಒಂದೂರಲ್ಲಿ ನಾಲ್ಕು ಜನ ಪಲ್ಲಕ್ಕಿ ಹೊರೋರಿದ್ರು. ಮದುವೆ ಹೆಣ್ಣನ್ನ ಗಂಡನ ಮನೆಗೆ ಮುಟ್ಟಿಸೋದು ಅವರ ಕೆಲಸ. ಪಲ್ಲಕ್ಕಿ ನಾಲ್ವರದು, ಕೂಲಿ ಸಮಪಾಲು, ಹೆಗಲೂ ಒಂದೇ ಎತ್ತರ. ಎಷ್ಟು ಸಮ ಅಂದ್ರೆ, ಹೆಣ್ಣಿನ ಕೈಗೆ ತುಂಬಿದ ಹಾಲಿನ ಲೋಟ ಕೊಟ್ರೆ ಗುಡ್ಡ ಹತ್ತಿ ಇಳಿದ್ರೂ ತೊಟ್ಟು ಚೆಲ್ತಿರಲಿಲ್ಲ. ಊರು ಮುಟ್ಟೋ ಹೊತ್ತಿಗೆ ಕೆನೆ ಕಟ್ಟಿರ್ತಿತ್ತು."

"ಏನು ಗುರುಗಳೇ, ಇಷ್ಟು ಸುಳ್ಳಾ?"

"ಆ ಕೆನೆ ತಿಂದವನು ನಾನು ಕಣೋ. ಸುಮ್ನೆ ಕೇಳು. ಅವರಲ್ಲೊಬ್ಬನಿಗೆ ಬಳೆ ಅಂಗಡಿ ಇಡೋ ಆಸೆ ಬಂತು. ಒಬ್ಬ ಪೈಲ್ವಾನ, 'ಪಲ್ಲಕ್ಕೀಲಿ ನಿನ್ನ ಜಾಗ ನನಗೆ ಮಾರು, ಎರಡುಪಟ್ಟು ಕೊಡ್ತೀನಿ' ಅಂದ. ಉಳಿದ ಮೂವರು, 'ಲೇ, ನಮ್ಮನ್ನೊಂದು ಮಾತು ಕೇಳೋ. ನಾವೇ ಕೊಳ್ತೀವಿ, ಇಲ್ಲ ನಮ್ಮ ಅಳತೆಯವನನ್ನ ಹುಡುಕ್ತೀವಿ' ಅಂದ್ರು. 'ನನ್ನ ಹೆಗಲು, ನನ್ನ ವ್ಯಾಪಾರ' ಅಂತ ಅವನು ಮಾರಿಯೇ ಬಿಟ್ಟ.

ಪೈಲ್ವಾನ ಎಂಥ ಎತ್ತರ ಅಂತೀಯ! ಪಕ್ಕದೂರಲ್ಲಿ ಅಡುಗೆ ಏನಾಗಿದೆ ಅಂತ ನೋಡೋಕೆ ಕಾಗೆಗಳು ಅವನ ತಲೆ ಮೇಲೆ ಕೂರ್ತಿದ್ವು. ಮೊದಲನೇ ಮದುವೇಲಿ ಪಲ್ಲಕ್ಕಿ ಹೊತ್ತು ಎದ್ದ. ಅವನ ಮೂಲೆ ಆಕಾಶಕ್ಕೆ ಹೋಯ್ತು. ಹೆಣ್ಣು ಜಾರಿ ಬಂದು ಎದುರು ಮೂಲೆಯವನ ಕುತ್ತಿಗೆ ಮೇಲೆ ಕೂತ್ಲು. 'ಇಳಿಯಮ್ಮಾ ತಾಯಿ' ಅಂದ್ರೆ, 'ನೀವು ನಡೀರಿ ಅಣ್ಣ, ಒಳಗಡೆಗಿಂತ ಇಲ್ಲೇ ವಾಸಿ' ಅಂದ್ಲು.

ಆಗ ಪೈಲ್ವಾನನೇ ಉಪಾಯ ಹೇಳ್ದ. 'ಹೊಸದಾಗಿ ಇನ್ನೂ ನಾಲ್ಕು ಜಾಗ ಮಾಡಿ. ನನ್ನಷ್ಟೇ ಎತ್ತರದ ನಾಲ್ವರು ತಮ್ಮಂದಿರು ಕೊಳ್ತಾರೆ, ಪಲ್ಲಕ್ಕಿ ಸಮ ಆಗುತ್ತೆ.' ಕುತ್ತಿಗೆ ನೋವಿಗೆ ಹಳಬರು ಹೂಂ ಅಂದ್ರು. ಪಲ್ಲಕ್ಕಿ ಸಮ ಆಯ್ತು, ಕೂಲಿ ಎಂಟು ಪಾಲಾಯ್ತು. ಎತ್ತರದವರು ಐವರು ಹೊತ್ತು ನಡೆದ್ರು. ಹಳಬರು ಮೂವರೂ ಪಲ್ಲಕ್ಕಿ ಹೊರೋ ದಂಡಿಗೆ ಹಿಡ್ಕೊಂಡು ಕೆಳಗೆ ಜೋತಾಡ್ತಾ ಹೋದ್ರು. ಕಾಲು ನೆಲಕ್ಕೆ ತಾಗ್ಲೇ ಇಲ್ಲ."

"ಬಳೆ ಅಂಗಡಿಯವನು?"

"ಅವನ ಮಗಳ ಮದುವೆ ಬಂತು. ಊರಿಗೆಲ್ಲ ಇದ್ದದ್ದು ಅದೊಂದೇ ಪಲ್ಲಕ್ಕಿ. ಪೈಲ್ವಾನ ಕೂಲಿ ಹೇಳ್ದ, ಎರಡುಪಟ್ಟು."

ಪಂಪಣ್ಣ ಹೊಟ್ಟೆ ಹಿಡ್ಕೊಂಡು ನಕ್ಕ. ಕಣ್ಣಲ್ಲಿ ನೀರು ಬಂತು. "ಎಂಥ ಪೆದ್ದ, ಗುರುಗಳೇ! ಮಾರೋ ಮುಂಚೆ ಆ ಪೈಲ್ವಾನನನ್ನ ತನ್ನವರ ಪಕ್ಕ ಒಂದ್ಸಲ ನಿಲ್ಸಿ ನೋಡ್ಬಾರ್ದಿತ್ತಾ?"

ಗುರುಗಳು ನಶ್ಯದ ಡಬ್ಬಿ ಮುಚ್ಚಿದ್ರು.

"ನಾಳೆ ಸಹಿಗೆ ಬರ್ತಾನಲ್ಲ, ಅವನನ್ನ ನಿಲ್ಸಿ ನೋಡಿದ್ಯೇನೋ?"