ಕಮ್ಮಾರನ ಮಗಳು ಕೂರುವ ಜಾಗ

"ಗುರುಗಳೇ, ಬದುಕಲು ಎಡೆಯೇ ಇಲ್ಲದ ಲೋಕವನ್ನು ದೇವರು ಯಾಕೆ ಮಾಡಿದ?"

ಖಗೋಳಶಾಸ್ತ್ರ ಓದಿ ಬಂದಿದ್ದ ಶಿಷ್ಯ ಚಂದ್ರಚೂಡ ಕೇಳಿದ. ದೂರದ ನಕ್ಷತ್ರವೊಂದಕ್ಕೆ ತೀರ ಹತ್ತಿರದಲ್ಲಿ ಸುತ್ತುವ ಕಲ್ಲಿನ ಗ್ರಹವೊಂದು ಅವನನ್ನು ಕಾಡುತ್ತಿತ್ತು. "ಅದರ ಒಂದು ಮೈ ಸದಾ ತನ್ನ ಸೂರ್ಯನ ಕಡೆಗೇ. ಅಲ್ಲಿ ಬಂಡೆ ಕರಗಿ ಗಂಜಿಯಂತೆ ಕುದಿಯುತ್ತಿರಬಹುದು ಅಂತಾರೆ. ಇನ್ನೊಂದು ಮೈಗೆ ಬೆಳಕೇ ಇಲ್ಲ, ಕೊರೆಯುವ ಚಳಿ. ಈ ಕಡೆ ಸುಟ್ಟು ಸಾಯಬೇಕು, ಇಲ್ಲವೇ ಆ ಕಡೆ ಸೆಟೆದು ಸಾಯಬೇಕು."

ಗುರುಗಳು ಒಂದು ಕತೆ ಹೇಳಿದರು.

ಗುಡ್ಡದ ಮೇಲಿನ ಊರಿನಲ್ಲಿ ಒಬ್ಬ ಕಮ್ಮಾರನಿದ್ದ. ಹೆಂಡತಿ ತೀರಿಕೊಂಡಿದ್ದಳು. ಇದ್ದವಳು ಪುಟ್ಟ ಮಗಳೊಬ್ಬಳು. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದೆ ಅವಳನ್ನೂ ಕುಲುಮೆಗೆ ಕರೆದೊಯ್ಯುತ್ತಿದ್ದ. ಬೆಂಕಿಯ ಮುಂದೆ ಕೂರಿಸಿದರೆ ಕಿಡಿ ಸಿಡಿಯುತ್ತದೆ. ತನ್ನ ಹಿಂದೆ ಕೂರಿಸಿದರೆ ಗೋಡೆಯಿಲ್ಲದ ಚಪ್ಪರ, ಬೀಸುವ ಚಳಿಗಾಳಿ. ಕಬ್ಬಿಣ ಬೆಂಕಿಯಲ್ಲಿರುವಾಗ ಕಮ್ಮಾರ ಅದರ ಮೇಲಿನ ಕಣ್ಣು ತೆಗೆಯುವಂತಿಲ್ಲ. ಕಾವು ಮೀರಿದರೆ ಕಬ್ಬಿಣವೇ ಕೆಟ್ಟುಹೋಗುತ್ತದೆ. ಮಗಳ ಹಲ್ಲು ಕಟಕಟ ಎನ್ನುವುದು ಅವನಿಗೆ ಕೇಳಿಸುತ್ತಿತ್ತು. ತಿರುಗಿ ನೋಡಲಾಗುತ್ತಿರಲಿಲ್ಲ.

ಒಂದು ದಿನ ಅವನ ಅಕ್ಕ ಬಂದಳು.

"ಮುಂದೆ ಕೂತರೆ ಬೇಯ್ತಾಳೆ, ಹಿಂದೆ ಕೂತರೆ ನಡುಗ್ತಾಳೆ. ಎಲ್ಲಿಟ್ಟುಕೊಳ್ತೀಯೋ ಮಾರಾಯ, ತಲೆ ಮೇಲಾ? ನಾನೇ ಕರಕೊಂಡು ಹೋಗ್ತೀನಿ."

ಕಮ್ಮಾರ ಬೆಂಕಿ ಊದುವ ತಿದಿ ಒತ್ತುತ್ತಲೇ ಇದ್ದ. ಅಕ್ಕ ಹೇಳಿದ್ದು ನಿಜ. ಮಗಳಿಲ್ಲದ ಮನೆಯ ಬಾಗಿಲನ್ನು ಸಂಜೆ ಹೇಗೆ ತೆಗೆಯಲಿ ಎಂಬುದೊಂದೇ ಅವನ ಚಿಂತೆ.

ಅಕ್ಕ ಬಟ್ಟೆಗಳ ಗಂಟು ಕಟ್ಟಿದಳು. ಮಗಳು ಹೇಳಿಹೋಗಲು ಬಂದಳು. ಕಬ್ಬಿಣ ಬೆಂಕಿಯಲ್ಲಿತ್ತು, ಅಪ್ಪ ತಿರುಗಲಿಲ್ಲ. ಅವಳು ಹಿಂದಿನಿಂದಲೇ ಅವನ ಬೆನ್ನೇರಿ ಕುತ್ತಿಗೆ ತಬ್ಬಿ ಹೆಗಲ ಮೇಲೆ ಗಲ್ಲ ಊರಿದಳು. ಬೆಂಕಿಯ ಝಳವನ್ನೆಲ್ಲ ಅವನ ಎದೆ ತಡೆಯಿತು. ಹೆಗಲು ದಾಟಿ ಬಂದದ್ದು ಹಿತವಾದ ಬಿಸುಪು.

"ಅಪ್ಪಾ, ಟೊಮೆಟೊ ಆಯ್ತು. ಇನ್ನೂ ಕಿತ್ತಳೆ ಆಗ್ಬೇಕು, ಅಲ್ವಾ?"

ಕಬ್ಬಿಣದ ಬಣ್ಣವನ್ನು ಅವಳು ಸರಿಯಾಗಿಯೇ ಹೇಳಿದ್ದಳು. ಅವಳ ಮೈನಡುಕ ನಿಂತದ್ದು ಅವನ ಬೆನ್ನಿಗೆ ತಿಳಿಯಿತು.

"ಬಾರೇ, ಬಸ್ಸು ಹೋಗುತ್ತೆ" ಎಂದಳು ಅಕ್ಕ.

"ನೀನು ಹೋಗಿ ಬಾ ಅಕ್ಕಾ. ಇವಳಿಗೆ ಜಾಗ ಸಿಕ್ತು" ಎಂದ ಕಮ್ಮಾರ. ಮಗಳಿಗೆ, "ನಾನು ಸುತ್ತಿಗೆ ಎತ್ತಿದಾಗ ಮಾತ್ರ ಇಳಿದು ದೂರ ನಿಲ್ಬೇಕು, ಆಯ್ತಾ ಪುಟ್ಟಿ?" ಎಂದ.

ಅಕ್ಕ ಅವನ ಬೆನ್ನಿಗೆ ಅಂಟಿದ್ದ ಮಗುವನ್ನು ನೋಡಿದಳು. ಆಮೇಲೆ ಗಂಟು ಬಿಚ್ಚಿದಳು.

ಗುರುಗಳು ಕತೆ ನಿಲ್ಲಿಸಿದರು. ಚಂದ್ರಚೂಡ ಬಿಡಲಿಲ್ಲ. "ಇದು ಕುಲುಮೆಯ ಮಾತಾಯಿತು ಗುರುಗಳೇ. ನಾನು ಕೇಳಿದ್ದು ಗ್ರಹದ ಮಾತು."

ಗುರುಗಳು ಅವನ ಬೆನ್ನ ಮೇಲೆ ಕೈಯಿಟ್ಟು ಕೇಳಿದರು: "ಬೆಳಕು ಮುಗಿದು ಕತ್ತಲೆ ಶುರುವಾಗುವ ಕಡೆ ಆ ಗ್ರಹಕ್ಕೂ ಒಂದು ಹೆಗಲಿರಬೇಕಲ್ಲ ಮಗು, ಅಲ್ಲಿ ಹುಡುಕಿದೆಯಾ?"