ಬೆಚ್ಚಗಿನ ಕಡಲಿನಲ್ಲಿ ಉಣ್ಣೆ ಟೋಪಿ

ತಂಡ... ತಂಡಾಲ... ಅಲ್ಲ, ತಾಂಡೇಲ. ನಮ್ಮ ಕರಾವಳಿಯಲ್ಲಿ ದೋಣಿ ನಡೆಸುವ ಹಿರಿಯನನ್ನು ಹಾಗೆ ಕರೆಯುತ್ತಿದ್ದರು. ನಿನ್ನ ಅಜ್ಜಿ ಆ ಊರು ಬಿಟ್ಟು ಬಹಳ ಕಾಲವಾಯಿತು ಪುಟ್ಟಿ. ಬರೆಯಲು ಕುಳಿತರೆ ಪದಗಳು ಅಷ್ಟು ದೂರದಿಂದ ನಡೆದು ಬರುವಾಗ ಸ್ವಲ್ಪ ತಡವಾಗುತ್ತದೆ.

ಜಟ್ಟಪ್ಪ ತಾಂಡೇಲರೆಂಬ ಗುರುಗಳಿದ್ದರು. ಅವರಿಗೆ ಆಶ್ರಮವಿರಲಿಲ್ಲ, ಒಂದು ಹಾಯಿದೋಣಿ ಇತ್ತು. ಉಣ್ಣುವುದು, ಮಲಗುವುದು, ಪಾಠ ಹೇಳುವುದು ಎಲ್ಲವೂ ಅದರಲ್ಲೇ.

ಬಡಗಣ ಚಳಿಗಡಲಿನ ಒಂದು ಬಂದರಿನಲ್ಲಿ ನಾಗವೇಣಿ ಎಂಬ ಶಿಷ್ಯೆ ಆ ದೋಣಿ ಹತ್ತಿದಳು.

"ನನಗೆ ಚುಕ್ಕಾಣಿ ಹಿಡಿಯುವುದನ್ನು ಕಲಿಸಿ ಗುರುಗಳೇ."

ಗುರುಗಳು ಅವಳ ತಲೆಗೆ ಒಂದು ಉಣ್ಣೆ ಟೋಪಿ ಎಳೆದು ಕೂರಿಸಿದರು.

"ನಾನು ಹೇಳುವವರೆಗೆ ಇದನ್ನು ತೆಗೆಯಬೇಡ. ನಾನು ಹೇಳುವವರೆಗೆ ಚುಕ್ಕಾಣಿ ಮುಟ್ಟಬೇಡ. ತೆಂಕಣ ದ್ವೀಪ ಬರುವಷ್ಟರಲ್ಲಿ ಕಲಿಯದಿದ್ದರೆ ಅಲ್ಲೇ ಇಳಿಸಿ ಹೋಗುತ್ತೇನೆ."

"ಮುಟ್ಟದೆ ಕಲಿಯುವುದು ಹೇಗೆ?"

"ಕಣ್ಣಿಗೆ ಟೋಪಿ ಹಾಕಿಲ್ಲವಲ್ಲ."

ಅವಳು ದಿನವೂ ಗುರುಗಳ ಕೈ ನೋಡುತ್ತ ಕುಳಿತಳು. ಗಾಳಿ ಎತ್ತ ಹೋದರೆ ಆ ಕೈ ಎತ್ತ ಹೋಗುತ್ತದೆ ಎಂದು ನೋಡಿದಳು.

ಆಗಿನ್ನೂ ಕೊರೆಯುವ ಚಳಿ. ಇಬ್ಬರೂ ದೋಣಿಯ ಕೆಳಗಿನ ಕೋಣೆಯಲ್ಲಿ, ಬಾಗಿಲು ಮುಚ್ಚಿ, ಒಲೆಯ ಎದುರು ಮುದುಡಿ ಕೂರುತ್ತಿದ್ದರು. ಕೊಬ್ಬರಿ ಎಣ್ಣೆಯನ್ನು ಚಮಚದಿಂದ ಕೆತ್ತಿ ತೆಗೆಯಬೇಕಿತ್ತು.

ದೋಣಿ ತೆಂಕಕ್ಕೆ ಇಳಿದಂತೆ ಎಣ್ಣೆ ಕರಗಿತು. ಕಂಬಳಿಗಳು ಪೆಟ್ಟಿಗೆ ಸೇರಿದವು. ಮುಚ್ಚಿದ ಬಾಗಿಲು ತೆರೆಯಿತು. ಊಟ ಮೇಲಕ್ಕೆ ಬಂತು, ಹಾಸಿಗೆಯೂ ಮೇಲಕ್ಕೆ ಬಂತು. ಹಾರುವ ಮೀನುಗಳು ತಾವಾಗಿಯೇ ದೋಣಿಗೆ ಬಂದು ಬಿದ್ದವು. ಗುರುಗಳು ಅಂಗಿ ಕಳಚಿ, ಬರೀ ಪಂಚೆಯಲ್ಲಿ ಕುಳಿತು ಅವನ್ನು ಹುರಿದರು.

ನಾಗವೇಣಿಯ ಟೋಪಿ ಮಾತ್ರ ತಲೆಯ ಮೇಲೇ ಇತ್ತು.

"ಏನೇ ತಂಗಿ, ತಲೆಯೊಳಗೆ ಅನ್ನ ಬೇಯಿಸುತ್ತಿದ್ದೀಯಾ?"

"ನೀವು ತೆಗೆ ಎಂದಿಲ್ಲವಲ್ಲ."

"ಹೌದಲ್ಲ!" ಎಂದು ಗುರುಗಳು ಮೀನನ್ನು ಮಗುಚಿ ಹಾಕಿದರು.

ಮರುದಿನ ಅವಳ ಹಣೆಯ ತುಂಬ ಬೆವರುಸಾಲೆ. ತಡೆಯಲಾರದೆ ಒಂದು ಬಕೆಟ್ ಕಡಲ ನೀರು ಸೇದಿ, ಟೋಪಿಯ ಸಮೇತ ತಲೆಗೆ ಸುರಿದುಕೊಂಡಳು.

ಗುರುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. "ಟೋಪಿಗೆ ಸ್ನಾನವಾಯಿತು. ನಿನಗೆ ಯಾವಾಗ?"

"ನೀವು ಹೇಳಿದಾಗ."

ಗುರುಗಳ ನಗು ನಿಂತಿತು. "ನಾಳೆ ದ್ವೀಪ ಬರುತ್ತದೆ. ಗಂಟು ಕಟ್ಟಿಕೊಂಡಿರು."

ಅವಳಿಗೆ ಆ ದಿನ ಊಟ ಸೇರಲಿಲ್ಲ. ಹೇಳಿದ್ದೆಲ್ಲವನ್ನೂ ಪಾಲಿಸಿದ್ದೆ, ಎಲ್ಲಿ ತಪ್ಪಿದೆ ಎಂದುಕೊಳ್ಳುತ್ತ ಗಂಟು ಕಟ್ಟಿದಳು.

ಮರುದಿನ ಮಧ್ಯಾಹ್ನ ದ್ವೀಪ ಕಂಡಿತು. ಗುರುಗಳು ಚುಕ್ಕಾಣಿಯನ್ನು ಹಗ್ಗದಿಂದ ಬಿಗಿದು, ಹಾಯಿಯ ನೆರಳಿನಲ್ಲಿ ಮಲಗಿ ಗೊರಕೆ ಹೊಡೆದರು.

ಗಾಳಿ ತಿರುಗಿತು. ಹಾಯಿ ಪಟಪಟ ಬಡಿದುಕೊಂಡಿತು. ದೋಣಿ ದಡದ ಬಂಡೆಗಳ ಕಡೆ ಜಾರತೊಡಗಿತು.

"ಗುರುಗಳೇ, ಗಾಳಿ!"

ಗೊರಕೆ.

"ಗುರುಗಳೇ, ಬಂಡೆ!"

ಗೊರಕೆ ಇನ್ನೂ ಜೋರಾಯಿತು.

ಅವಳು ಮೇಲೆದ್ದಳು. ಟೋಪಿ ಕಣ್ಣಿನ ಮೇಲೆ ಜಾರಿತು. ಅದನ್ನು ಕಿತ್ತೆಸೆದಳು. ಹಗ್ಗ ಬಿಚ್ಚಿದಳು. ಚುಕ್ಕಾಣಿಯನ್ನು ಎದೆಗೊತ್ತಿ ಹಿಡಿದು ತಿರುಗಿಸಿದಳು. ಹಾಯಿ ಮತ್ತೆ ಗಾಳಿ ತುಂಬಿಕೊಂಡು ಉಬ್ಬಿತು. ಬಂಡೆಗಳು ಮಾರು ದೂರದಲ್ಲಿ ಹಿಂದೆ ಸರಿದವು.

ನೋಡಿದರೆ ಗುರುಗಳ ಒಂದು ಕಣ್ಣು ತೆರೆದಿತ್ತು.

ಅವಳಿಗೆ ಅಳು, ನಗು ಒಟ್ಟಿಗೇ ಬಂದವು. "ನೀವು ಹೇಳದೆಯೇ ಟೋಪಿ ತೆಗೆದೆ ಗುರುಗಳೇ. ಚುಕ್ಕಾಣಿಯನ್ನೂ ಮುಟ್ಟಿದೆ. ಎರಡು ತಪ್ಪಾಯಿತು. ಇಲ್ಲೇ ಇಳಿಸಿಬಿಡುತ್ತೀರಾ?"

ಅಜ್ಜಿಯ ಕೈ ಸೋತಿತು ಪುಟ್ಟಿ. ಗುರುಗಳು ಆಗ ಹೇಳಿದ್ದನ್ನು ನೀನೇ ಬರೆ, ಒಂದಕ್ಷರ ಬಿಡದೆ:

"ಎರಡೇ ಸಾಲದು ತಂಗಿ, ಮೂರನೆಯದನ್ನೂ ಮಾಡು. ಸಂಜೆ ನಾನು ಬಂದು ಚುಕ್ಕಾಣಿ ಕೊಡು ಎಂದರೆ, ಕೊಡಬೇಡ."